ಟವೆಲಿನಲ್ಲಿ ಸುತ್ತಿ ಜಜ್ಜಿದ ಶುಂಠಿ

"ಬಾಯಾರ, ನೆಲದಾಗಿಂದು ಏನೇನ ತಿಂತೀರಿ ನೀವು?"

ನಿಪ್ಪಾಣಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿಯ ಮೊದಲ ಪ್ರಶ್ನೆ ಇದು. ನಾನು ತಬ್ಬಿಬ್ಬಾಗಿ ಯಜಮಾನರ ಮುಖ ನೋಡಿದೆ. ಬಸ್ಸಿಳಿದಾಗಿನಿಂದ ತಂಬಾಕಿನ ಘಾಟಿಗೆ ಸೀನುತ್ತಲೇ ಇದ್ದವಳಿಗೆ ಉತ್ತರದ ಬದಲು ಇನ್ನೊಂದು ಸೀನು ಬಂತು.

ಎಂಬತ್ತರ ದಶಕದ ನಡುಭಾಗವದು. ಯಜಮಾನರಿಗೆ ಮಂಗಳೂರಿನಿಂದ ಇಲ್ಲಿಗೆ ವರ್ಗವಾಗಿತ್ತು. ಮನೆ ಜೈನರದು. ಒಡತಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಇಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಗಡ್ಡೆ, ಬೇರುಗಳನ್ನು ಕಿತ್ತರೆ ಅವುಗಳೊಂದಿಗೆ ಎಣಿಸಲಾರದಷ್ಟು ಜೀವ ಹೋಗುತ್ತದೆಂದು ಅವರ ನಂಬಿಕೆ. ಆದ್ದರಿಂದ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಬಾಡಿಗೆಯವರ ಒಲೆಗೂ ಏರುವಂತಿಲ್ಲ. ಹಸಿ ಶುಂಠಿಯೂ ಇಲ್ಲ. ಬೇರೆ ಮನೆ ಸಿಕ್ಕಿರಲಿಲ್ಲ, ಒಪ್ಪಿದೆವು.

ನಮ್ಮ ಮಂಗಳೂರಿನ ಮಳೆ ಬಂದರೆ ಬಂದೇ ಬಿಡುತ್ತದೆ. ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಇಲ್ಲಿ ಬೆಳಿಗ್ಗೆ ಬೆವರು, ಮಧ್ಯಾಹ್ನ ಗಾಳಿ, ಸಂಜೆ ಜಿಟಿಜಿಟಿ. ಮೊದಲ ಮಳೆಗಾಲದಲ್ಲೇ ಮಗಳಿಗೆ ಕೆಮ್ಮು ಹಿಡಿಯಿತು. ಅಮ್ಮನಾಗಿದ್ದರೆ ಹಸಿ ಶುಂಠಿ ಜಜ್ಜಿ, ಕರಿಮೆಣಸು ಹಾಕಿ ಕಷಾಯ ಕುದಿಸುತ್ತಿದ್ದರು. ನಾನು ಬಿಸಿನೀರು ಕಾಯಿಸುತ್ತ ಕುಳಿತಿದ್ದೆ.

ಆಗ ಹಿತ್ತಲ ಬಾಗಿಲಿಗೆ ಬಂದವಳು ಆಯಿಯ ಸೊಸೆ. ಓಣಿಯವರಂತೆ ನಾನೂ ಅವಳನ್ನು ವೈನಿ ಎಂದೆ. ಅತ್ತಿಗೆ ಎನ್ನಲು ಮರಾಠಿಯಿಂದ ಬಂದ ಮಾತು. ಅವಳು ನನ್ನನ್ನು ಅಕ್ಕಾರ ಎಂದಳು.

"ಸುಂಠಿ ನಡೀತೈತ್ರಿ ಅಕ್ಕಾರ. ಒಣಗಿದ ಮ್ಯಾಲ ಅದರಾಗ ಜೀವ ಎಲ್ಲೈತಿ?"

ಇಲ್ಲಿ ಸುಂಠಿ ಎಂದರೆ ಒಣಶುಂಠಿ ಮಾತ್ರ. ಅದಕ್ಕೆ ಮೆಣಸು, ಹಿಪ್ಪಲಿ, ಚಿಟಿಕೆ ಅಜವಾನ, ಮೇಲೆ ಬೆಲ್ಲ. ಹಿಪ್ಪಲಿಯನ್ನು ಎಷ್ಟು ಹುರಿಯಬೇಕೆಂದು ನನ್ನ ಬೆರಳಿನಿಂದಲೇ ಮುರಿಸಿ ತೋರಿಸಿದಳು. ಕಟ್ ಎಂದರೆ ಸಾಕು. ಹಸಿಯದು ನಾಲಿಗೆ ಚುರುಗುಟ್ಟಿಸಿ ಹೋಗುತ್ತದೆ. ಈ ಪುಡಿ ತಡವಾಗಿ, ಎದೆಯೊಳಗೆ ಬೆಚ್ಚಗಾಗುತ್ತದೆ. ಮಗಳ ಕೆಮ್ಮು ಇಳಿಯಿತು. ಈ ಊರಿನಲ್ಲಿ ಅದು ನನ್ನ ಮೊದಲ ಗೆಲುವು. ವೈನಿ ಮೊದಲ ಗೆಳತಿ.

ಮೂರನೆಯ ವರ್ಷ, ಮಳೆ ಸರಿದು ಥಂಡಿ ಇಣುಕುವ ಹೊತ್ತು. ಜೈನರಿಗೆ ನೇಮ ಬಿಗಿಯಾಗುವ ಚಾತುರ್ಮಾಸ ಇನ್ನೂ ಮುಗಿದಿರಲಿಲ್ಲ. ವೈನಿಗೆ ಕೆಮ್ಮು ಹತ್ತಿತು. ಅವಳ ಪುಡಿಗೆ ಬಗ್ಗಲಿಲ್ಲ. ಆಯಿ ಬಸದಿಗೆ ಹೋದ ಮಧ್ಯಾಹ್ನ ನನ್ನಲ್ಲಿಗೆ ಬಂದಳು.

"ನಿಮ್ಮೂರಿನ ಆ ಹಸೀದು ಒಮ್ಮಿ ಮಾಡಿ ಕೊಡ್ರಿ ಅಕ್ಕಾರ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ನನ್ನಾಣಿ."

"ಬೇಡ ವೈನಿ. ಆಯಿಗೆ ಗೊತ್ತಾದರೆ?"

"ಗೊತ್ತಾದ್ರ ನಾನ ಕೇಳಿದ್ದಂತ ನಾ ಹೇಳ್ತೀನಿ. ಸಮುದ್ರಕ್ಕ ಅಂಜೂದಿಲ್ಲ, ನಮ್ಮತ್ತಿಗೆ ಅಂಜತೀರಲ್ರಿ!"

ಇಬ್ಬರೂ ನಕ್ಕೆವು. ಸಂತೆಯಿಂದ ಮೆಂತ್ಯದ ಸೊಪ್ಪಿನಡಿ ಶುಂಠಿ ಬಚ್ಚಿಟ್ಟು ತಂದೆ. ಸಪ್ಪಳವಾಗದಂತೆ ಟವೆಲಿನಲ್ಲಿ ಸುತ್ತಿ ಜಜ್ಜಿದೆ. ನಾಲ್ಕು ದಿನ ಕುಡಿದಳು, ರಾತ್ರಿ ನಿದ್ದೆ ಬಂತೆಂದಳು.

ಐದನೆಯ ದಿನ ಅವಳು ಲೋಟ ಹಿಡಿದು ನಿಂತಿದ್ದಾಗ ಆಯಿ ಬಂದರು. ಕೈಯಲ್ಲಿ ನಾನು ಹಗ್ಗದ ಮೇಲೆ ಹರವಿದ್ದ ಟವೆಲು. ಒಮ್ಮೆ ಮೂಗಿಗೆ ಹಿಡಿದರು.

"ಏನಿದು?"

ವೈನಿ ನನ್ನ ಕಡೆ ನೋಡಲಿಲ್ಲ. "ನನಗೇನ ಗೊತ್ರಿ ಅತ್ತಿ? ಸುಂಠಿ ಅಂತ ಹೇಳಿ ಕೊಟ್ಟಾರ ಇವ್ರು."

ಅಕ್ಕಾರ ಎನ್ನುತ್ತಿದ್ದವಳಿಗೆ ನಾನು 'ಇವ್ರು' ಆಗಿದ್ದೆ. ಚಾಡಿ ಹೇಳುವವರನ್ನು ನಾನು ಓದಿದ ಕಾನ್ವೆಂಟಿನಲ್ಲಿ ಬಿಸಿಲಿಗೆ ನಿಲ್ಲಿಸುತ್ತಿದ್ದರು. ಅವಳ ಆಣೆಯೂ ಇತ್ತು. ತಾನೇ ಕೇಳಿದ್ದೆಂದು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ತುಟಿ ಒರೆಸಿಕೊಂಡಳು.

"ತಿಂಗಳ ಕಡೀಕ ಮನಿ ಖಾಲಿ ಮಾಡ್ರಿ ಬಾಯಾರ," ಎಂದರು ಆಯಿ.

ಸಾಮಾನು ಕಟ್ಟುವ ದಿನ ಅವರೇ ಬಂದು ಹೊಸ್ತಿಲಾಚೆ ಕುಳಿತರು. "ಹಸೀದು ಯಾವದು, ಒಣಗಿದ್ದು ಯಾವದು, ಕುಡಿಯೋ ನಾಲಿಗಿಗೆ ತಿಳಿಯೂದಿಲ್ಲೇನ್ರಿ? ಅಕಿ ಸುಳ್ಳ ಹೇಳಿದ್ದು ನನಗ ಅವತ್ತ ಗೊತ್ತಾತು."

"ಮತ್ತೆ ನಮ್ಮನ್ನೇಕೆ ಆಯಿ?"

"ಸೊಸೀನ ಖಾಲಿ ಮಾಡಸಾಕ ಬರೂದಿಲ್ಲಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಎರಡು ಒಣಶುಂಠಿ ಕೊಂಬು ತೆಗೆದು ಮಗಳ ಕೈಗಿಟ್ಟರು. "ಥಂಡಿ ಬರಾಕತ್ತೈತಿ, ಕೂಸಿಗೆ ಹಾಕ್ರಿ." ಬಾಗಿಲ ಸಂದಿಯಲ್ಲಿ ವೈನಿಯ ಸೀರೆ ಕಂಡಿತು, ಅವಳು ಹೊರಗೆ ಬರಲಿಲ್ಲ.

ಹತ್ತು ವರ್ಷವಾಯಿತು, ನಾವು ಇದೇ ಊರಿನ ಇನ್ನೊಂದು ಓಣಿಯಲ್ಲಿದ್ದೇವೆ. ತಂಬಾಕಿಗೆ ಈಗ ಸೀನು ಬರುವುದಿಲ್ಲ. ಸಂತೆಯಲ್ಲಿ ನಾನು ಎದುರಾದರೆ ವೈನಿ ಬಳೆಯಂಗಡಿಯತ್ತ ತಿರುಗುತ್ತಾಳೆ. ರಜೆಗೆ ಮಂಗಳೂರಿಗೆ ಹೋದಾಗ ಅಮ್ಮ ಹಸಿ ಶುಂಠಿಯ ಕಷಾಯ ಕೊಡುತ್ತಾರೆ. ಕುಡಿದು, ಎದೆ ಬೆಚ್ಚಗಾಗದೆ, ಚೀಲದಿಂದ ವೈನಿ ಕಲಿಸಿದ ಪುಡಿಯ ಡಬ್ಬಿ ತೆಗೆಯುತ್ತೇನೆ. ಇಲ್ಲಿ ನನ್ನ ಅಡುಗೆಮನೆಯಲ್ಲಿ ಏನು ಬೇಯಿಸಿದರೂ ಕೇಳುವವರಿಲ್ಲ. ಆದರೂ ಹಸಿ ಶುಂಠಿ ಜಜ್ಜುವ ಮೊದಲು ಕೈ ತಾನಾಗಿ ಟವೆಲು ಹುಡುಕುತ್ತದೆ.