ಮೆತ್ತನೆಯ ಕೈಯವಳು
ನಮ್ಮ ಮಹಡಿಗೆ ಬಾಡಿಗೆಗೆ ಬಂದ ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಜೊತೆಗಿದ್ದ ಹುಡುಗ ಏನು ಮಾಡುತ್ತಿದ್ದನೋ ಅವನಿಗೇ ಗೊತ್ತು. ಅವಳ ಕೈ ಎಷ್ಟು ಮೆತ್ತಗೆಂದರೆ, ಅವಳು ಕನ್ನಡಕ ತೆಗೆದದ್ದು ಗಿರಾಕಿಗೆ ಎದುರಿನ ಗೋಡೆ ಮಸುಕಾದ ಮೇಲೆಯೇ ತಿಳಿಯುತ್ತಿತ್ತು. ದಾರಿಯಲ್ಲಿ ಸಿಕ್ಕವರನ್ನೂ ಬಿಡುತ್ತಿರಲಿಲ್ಲ. "ಇರಿ ಆಂಟಿ, ಕನ್ನಡಕ ಸೊಟ್ಟಗಿದೆ" ಎಂದು ನನ್ನದನ್ನು ಒರೆಸಿ, ಕಡ್ಡಿ ಬಗ್ಗಿಸಿ, ಕಿವಿಗೆ ನೋವಾಗದಂತೆ ಕೂರಿಸಿಯೇ ಮುಂದೆ ಹೋಗುವಳು. ಇನ್ನು ಅವನ ವಿಷಯದಲ್ಲಂತೂ ಕೇಳುವುದೇ ಬೇಡ. ಅವನು ಬಾಗಿಲು ಒದ್ದು ಮುರಿದರೆ "ಬಾಗಿಲೇ ಹಳೇದು ಆಂಟಿ" ಎನ್ನುವಳು. ತನ್ನ ಕೆನ್ನೆ ಊದಿದರೆ ಹಲ್ಲುನೋವು ಎನ್ನುವಳು. ಅವನ ಕಾಲಡಿ ಭೂಮಿ ಬಿರಿದಿದ್ದರೂ ತಪ್ಪು ಭೂಮಿಯದೇ ಆಗುತ್ತಿತ್ತು. "ಸಿಟ್ಟು ಜಾಸ್ತಿ ಅಷ್ಟೇ, ಮನಸ್ಸು ಬೆಣ್ಣೆ" ಎಂಬುದು ಅವಳ ಪಲ್ಲವಿ. ನನಗೆ ಮೈ ಉರಿಯುತ್ತಿತ್ತು. ಕಳೆದ ವಾರ, ಅವಳ ಅಂಗಡಿಯ ಗಿರಾಕಿಯೇ ಆಗಿದ್ದ ಒಂಟಿ ಮುದುಕರೊಬ್ಬರ ತಲೆ ಒಡೆದು ಯಾರೋ ಮನೆ ದೋಚಿದರು. ಪೊಲೀಸರು ಬಂದು ಇವಳ ಹುಡುಗನನ್ನು ಜೀಪಿಗೆ ಹತ್ತಿಸಿದರು. ಮಹಡಿ ತಡಕಿದಾಗ ಇವಳ ಚೀಲದಲ್ಲಿ ಆ ಮುದುಕರ ಕನ್ನಡಕ ಸಿಕ್ಕಿತು. ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು, ಒಂದು ಗೀರೂ ಇರಲಿಲ್ಲ. "ಇದು ನಿನ್ನ ಹತ್ತಿರ ಹೇಗೆ ಬಂತಮ್ಮ?" ಎಂದೆ. "ಸರಿ ಮಾಡಿಕೊಡ್ತೀನಿ ಅಂತ ಅಜ್ಜನ ಮುಖದಿಂದ ನಾನೇ ತೆಗೆದೆ ಆಂಟಿ" ಎಂದಳು, ಅಂಗಡಿಯಲ್ಲಿ ಮಾತಾಡುವ ಅದೇ ಮೆದುದನಿಯಲ್ಲಿ. "ಅವನು ಹೊಡೆಯೋವಾಗ ಗಾಜು ಒಡೆದು ಅಜ್ಜನ ಕಣ್ಣಿಗೆ ಚುಚ್ಚಬಾರದಲ್ವಾ?"