ಅಮ್ಮನ ದುಭಾಷಿ

ಎಪ್ಪತ್ತರ ದಶಕದ ಮೊದಲ ವರ್ಷಗಳು. ಡೆಟ್ರಾಯ್ಟ್‌ನ ಕಾರ್ ಕಾರ್ಖಾನೆಯೊಂದರಲ್ಲಿ ನಾನು ಎಂಜಿನಿಯರ್. ಹೆಂಡತಿಯ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ ತಿಂಗಳು ಕಳೆಯುವುದರೊಳಗೆ ಬಿಳಿಚಿಕೊಂಡಳು. ಮೆಟ್ಟಿಲು ಹತ್ತಿದರೆ ಏದುಸಿರು. ಕೇಳಿದರೆ, "ಏನಿಲ್ಲ ಕಣೋ, ಈ ಚಳಿಗೆ" ಎನ್ನುತ್ತಿದ್ದಳು. ಬಾಣಂತಿಯನ್ನು ಮನೆಯಲ್ಲಿ ಬಿಟ್ಟು, ರಜೆ ಹಾಕಿ, ಅಮ್ಮನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ದುಭಾಷಿಗಳಾಗಿ ಪೋಲಿಷ್ ಮಾತಾಡುವವರಿದ್ದರು, ಅರಬ್ಬಿಗೂ ಒಬ್ಬರಿದ್ದರು. ಕನ್ನಡ ಎಂದಾಗ ಕೌಂಟರಿನ ಹೆಂಗಸು ಪಟ್ಟಿಯನ್ನು ಎರಡು ಸಲ ನೋಡಿ, "ನೀವೇ ಇದ್ದೀರಲ್ಲ" ಎಂದಳು. ನನಗೂ ಅದೇ ಸರಿ ಎನ್ನಿಸಿತು. ಇಂಗ್ಲಿಷ್ ಓದಿದ ಮಗ ಪಕ್ಕದಲ್ಲಿರುವಾಗ ಬೇರೆಯವರು ಯಾಕೆ? ಜಂಬಕ್ಕೇನೂ ಬರವಿರಲಿಲ್ಲ ನನ್ನಲ್ಲಿ.

ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಊಟ, ನಿದ್ದೆ, ಕೆಮ್ಮು ಎಲ್ಲ ಕೇಳಿದರು. ನಾನು ಅತ್ತಿಂದಿತ್ತ ಮಾತು ದಾಟಿಸುತ್ತ ಹೋದೆ. ಕೊನೆಗೆ ಕೇಳಿದರು: ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗುತ್ತಿದೆಯೇ?

ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಗೆ ಕೇಳುವುದು? ಚಿಕ್ಕಂದಿನಲ್ಲಿ ಅಮ್ಮ ಮೂರು ದಿನ ಹೊರಗೆ ಕೂತಾಗ "ಅಮ್ಮನಿಗೆ ಕಾಗೆ ಮುಟ್ಟಿದೆ" ಎಂದು ಅಜ್ಜಿ ನಮ್ಮನ್ನು ದೂರ ಕಳಿಸುತ್ತಿದ್ದಳು. ಮೂವತ್ತು ದಾಟಿ, ಒಂದು ಮಗುವಿನ ತಂದೆಯಾದವನು ನಾನು, ಈ ವಿಷಯದಲ್ಲಿ ಇನ್ನೂ ಆ ದೂರದಲ್ಲೇ ನಿಂತಿದ್ದೆ.

"ಏನಂತೋ?" ಎಂದಳು ಅಮ್ಮ.

"ಬೇರೆ ಏನಾದ್ರೂ ತೊಂದ್ರೆ ಇದೆಯಾ ಅಂತ ಕೇಳ್ತಿದಾರಮ್ಮ."

ಅಮ್ಮ ತಲೆ ತಗ್ಗಿಸಿದಳು. "ಇನ್ನೇನಿರತ್ತೆ, ಸುಸ್ತು ಅಷ್ಟೇ."

ನಾನು ಡಾಕ್ಟರ ಕಡೆ ತಿರುಗಿ "ನೋ" ಎಂದೆ. ಅವರು ಬರೆದುಕೊಂಡು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಮನೆಗೆ ಬಂದು ಹೆಂಡತಿಗಾದರೂ "ನೀನು ಕೇಳು" ಎನ್ನಬಹುದಿತ್ತು. ಅನ್ನಲಿಲ್ಲ. ಆ ನಾಚಿಕೆ ನೆನೆದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಐದು ತಿಂಗಳಾದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಈ ಸಲ ಆಸ್ಪತ್ರೆಯಲ್ಲಿ ಅವಳ ಜೊತೆ ಒಳಗೆ ಹೋದದ್ದು ನನ್ನ ಹೆಂಡತಿ. ಹತ್ತೇ ನಿಮಿಷಕ್ಕೆ ಹೊರಬಂದು, "ವರ್ಷದಿಂದ ಹೋಗ್ತಾನೇ ಇದೆಯಂತೆ ರೀ" ಎಂದು ಅತ್ತಳು. ಗರ್ಭಕೋಶದ ಕ್ಯಾನ್ಸರ್. ಮೊದಲೇ ಬಂದಿದ್ದರೆ ತೆಗೆದುಹಾಕಬಹುದಿತ್ತು, ಈಗ ಕೈಮೀರಿದೆ ಎಂದರು ಈ ಸಲದ ಡಾಕ್ಟರು.

ವಾರದ ನಂತರ ಅಮ್ಮನನ್ನು ಮನೆಗೆ ಕರೆತರುತ್ತಿದ್ದೆ. ಹೈವೇಯ ಇಕ್ಕೆಲದಲ್ಲೂ ಕೊಳಕು ಹಿಮ. ಹಿಂದಿನ ಸೀಟಿನಲ್ಲಿ ಮಲಗಿದ್ದವಳು ನಿಧಾನವಾಗಿ ಹೇಳಿದಳು:

"ಆ ಮೊದಲನೇ ಡಾಕ್ಟರು ಇದನ್ನ ಕೇಳ್ಲೇ ಇಲ್ಲ ನೋಡು. ಕೇಳಿದ್ದಿದ್ರೆ, ನಾಚಿಕೆ ಬಿಟ್ಟು ಹೇಳಿಬಿಡ್ತಿದ್ದೆ ಕಣೋ."

"ಹೌದಮ್ಮ," ಎಂದೆ, "ಅವರು ಕೇಳ್ಲಿಲ್ಲ."