ಲೈನ್ ರಾಮಾಂಜಿ ಮತ್ತು ಹನ್ನೊಂದು ತೆಂಗಿನ ಮರ

ಒಂದಾನೊಂದು ಕಾಲದಲ್ಲಿ ಊರಿಗೆಲ್ಲ ಸೇರಿ ಒಂದೇ ಕಥೆಯಿತ್ತು. ಸಂಜೆ ಏಳೂವರೆಗೆ ಆ ಕಥೆ ಶುರುವಾಯಿತೆಂದರೆ ಬೀದಿಯಲ್ಲಿ ನಾಯಿಗಳು ಮಾತ್ರ ಓಡಾಡುತ್ತಿದ್ದವು. ಕಥೆಯೊಳಗಿನ ಸೊಸೆ ಅತ್ತರೆ ಊರಿನ ಅತ್ತೆಯರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಆ ಕಥೆಯನ್ನು ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದು ಮನೆ ಮನೆಗೆ ಬಿಡುವವನೊಬ್ಬನಿದ್ದ. ಅಜ್ಜಿ ಹೇಳುವ ಕಥೆಯಾಗಿದ್ದರೆ ಅವನಿಗೊಂದು ಹಾರುವ ಕುದುರೆ ಇರುತ್ತಿತ್ತು. ಇವನಿಗಿದ್ದದ್ದು ಬಿದಿರಿನ ಏಣಿ.

ಆ ಏಣಿ ಈಗ, ಭಾನುವಾರ ಬೆಳಗಿನ ಐದೂಮುಕ್ಕಾಲಿಗೆ, ಅಮೃತೂರಿನಾಚೆಯ ನಾಲೆ ದಂಡೆಯ ತೋಟದಲ್ಲಿ ತೆಂಗಿನ ಮರವೊಂದಕ್ಕೆ ಒರಗಿದೆ. ತುದಿಯಲ್ಲಿ ನಿಂತಿರುವವರು ರಾಮಾಂಜಿನಯ್ಯ. ವಯಸ್ಸು ಐವತ್ತೇಳು. ಹಲ್ಲಿನ ನಡುವೆ ತೆಂಗಿನ ನಾರಿನ ಹಗ್ಗದ ತುಂಡು, ಹೆಗಲ ಮೇಲೆ ಕಪ್ಪು ತಂತಿಯ ಸುರುಳಿ. ತಂತಿಯೊಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇದೆ. ಸ್ವಲ್ಪ ಜೋರಾಗಿ ಮಡಿಸಿದರೆ ಸಾಕು, ಮುರಿಯುತ್ತದೆ.

“ಒಂಬತ್ತಾಯ್ತು ಅಂದ್ರೆ ಮಾರ್ಕೋನಹಳ್ಳಿ ಕಡೆಯಿಂದ ಗಾಳಿ ಎದ್ಬುಡ್ತದೆ. ಮರ ಆಡೋಕೆ ಶುರು ಮಾಡಿದ್ರೆ ಗಂಟೇ ಕೂರಲ್ಲ,” ಎನ್ನುತ್ತಾರೆ ಹಗ್ಗವನ್ನು ಬಾಯಿಂದ ತೆಗೆದು. “ಅದ್ಕೇ ಮರ ಏಳೋಕ್ ಮುಂಚೆ ನಾವ್ ಏಳ್ಬೇಕು.”

ಎಲ್ಲರೂ ಮರಕ್ಕೆ ಕಬ್ಬಿಣದ ತಂತಿ ಬಿಗಿದರೆ ಇವರು ನಾರಿನ ಹಗ್ಗವನ್ನು ಸಡಿಲವಾಗಿ ಸುತ್ತುತ್ತಾರೆ. ಮರ ವಾಲಿದಾಗ ಹಗ್ಗವೂ ವಾಲುತ್ತದೆ, ಒಳಗಿನ ಗಾಜು ಉಳಿಯುತ್ತದೆ. ಇದನ್ನು ಯಾರೂ ಕಲಿಸಲಿಲ್ಲ. ಹೋದ ತಿಂಗಳು ಇದೇ ಸಾಲಿನಲ್ಲಿ ಕಬ್ಬಿಣದ ತಂತಿ ಬಿಗಿದು ಎಳೆದ ಹೊಸ ಲೈನು ಮೊದಲ ಗಾಳಿಗೇ ಹೋಯಿತು. ಎರಡನೇ ಸಲ ಎಳೆದದ್ದನ್ನು ಕಾಯಿ ಕೀಳುವವರು ದೋಟಿಗೆ ಕಟ್ಟಿದ ಕುಡುಗೋಲಿನಲ್ಲಿ ಎಳನೀರಿನ ಜೊತೆ ಇಳಿಸಿಬಿಟ್ಟರು. ಈಗ ರಾಮಾಂಜಿನಯ್ಯನವರ ಕಿಸೆಯಲ್ಲಿರುವ ಪುಟ್ಟ ಡೈರಿಯಲ್ಲಿ ಯಾವ ತೋಟದಲ್ಲಿ ಯಾವತ್ತು ಕಾಯಿ ಕೀಳುತ್ತಾರೆಂಬ ತಾರೀಕುಗಳಿವೆ. ಹಿಂದಿನ ದಿನ ಹೋಗಿ ಲೈನನ್ನು ಪಕ್ಕಕ್ಕೆ ಸರಿಸಿ ಕಟ್ಟಿ ಬರುತ್ತಾರೆ.

ಮೂರನೇ ಸಲಕ್ಕೆ ಹನ್ನೊಂದು ಮರ ದಾಟಬೇಕು. ಹನ್ನೊಂದನೆಯದರ ಆಚೆ ರೇವಮ್ಮನ ಮನೆ. ಇವತ್ತು ಇಪ್ಪತ್ತೆಂಟು. ಮೂವತ್ತನೇ ತಾರೀಕಿಗೆ ನಾಲೆಯಾಚೆಗಿನ ಹಳೆಯ ಕೇಬಲ್ ಬಂದ್.

ಇಪ್ಪತ್ತಾರು ವರ್ಷದಿಂದ ಇವರದು ಇದೇ ಕೆಲಸ. ಒಂದು ಕಾಲಕ್ಕೆ ಆರುನೂರ ನಲವತ್ತು ಮನೆಗಳಿಗೆ ಕೇಬಲ್ ಕೊಟ್ಟಿದ್ದರು. ಇಂದು ಉಳಿದಿರುವುದು ಎಂಬತ್ತಮೂರು. ಆಗೆಲ್ಲ ಏಳೂವರೆ, ಎಂಟರ ನಡುವೆ ಮೂವತ್ತು ನಲವತ್ತು ಫೋನು ಬರುತ್ತಿದ್ದವು. “ಕರೆಂಟ್ ಹೋದ್ರೂ ನಂಗೇ ಬಯ್ಯೋರು, ಧಾರಾವಾಹೀಲಿ ಗಂಡ ಹೆಂಡ್ತೀಗ್ ಹೊಡೆದ್ರೂ ನಂಗೇ ಬಯ್ಯೋರು. ಈಗ ಫೋನೇ ಇಲ್ಲ. ಬಯ್ಯೋರ್ ಇಲ್ದಿದ್ರೆ ಸಂಜೆ ಹೊತ್ತು ಹೊಟ್ಟೆ ಹಸಿಯಲ್ಲ ನೋಡಿ,” ಎಂದು ನಗುತ್ತಾರೆ. ಈಗ ಎಲ್ಲರ ಕಥೆಯೂ ಅವರವರ ಅಂಗೈಯಲ್ಲಿದೆ. ಒಬ್ಬರದು ಬಸ್ಸಿನಲ್ಲಿ ನಡೆಯುತ್ತದೆ, ಇನ್ನೊಬ್ಬರದು ಒಲೆಯ ಮುಂದೆ.

ಕೇಬಲ್ಲಿನ ಮಾಲೀಕ ಗುರುಪ್ರಕಾಶ್ ಗುಬ್ಬಿ ಕಡೆಯವರು. ಹೊಸ ಕಾಲಕ್ಕೆ ಇಂಟರ್ನೆಟ್ ಲೈನು ತಂದದ್ದೂ ಅವರೇ. ಅದನ್ನು ಜೋಡಿಸಲು ಬರುವವರಿಗೆ ಮಾತ್ರ ಕೆಲಸವೆಂದಾಗ ರಾಮಾಂಜಿನಯ್ಯ ಹತ್ತು ದಿನ ಬೆಳಗಿನ ಪ್ರೈವೇಟ್ ಬಸ್ಸು ಹತ್ತಿ ತುಮಕೂರಿಗೆ ಹೋಗಿ ಕಲಿತರು. ಮೊದಲ ದಿನ ಮೇಷ್ಟ್ರು ಕುರ್ಚಿ ಕೊಟ್ಟು, “ಕೂತ್ಕೊಳಿ ಯಜಮಾನ್ರೆ, ಯಾವ ಹುಡುಗನ ತಂದೆ ನೀವು?” ಎಂದರಂತೆ. “ನಾನೇ ಹುಡುಗ ಸಾ,” ಎಂದರಂತೆ ಇವರು.

ಒಂದೇ ಕವಚದೊಳಗೆ ಬಣ್ಣ ಬಣ್ಣದ ಎಳೆಗಳಿರುತ್ತವೆ. ಆ ಬಣ್ಣಗಳನ್ನು ಕ್ರಮವಾಗಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಬೇಕು. ಇವರ ನಾಲಿಗೆಗೆ ಅದು ಒಗ್ಗಲಿಲ್ಲ. ಬಸ್ಸಿನಲ್ಲಿ ಕೂತು ತಮ್ಮದೇ ಪಾಠ ಕಟ್ಟಿಕೊಂಡರು: ಆಕಾಶ, ಕಿತ್ತಳೆ, ಎಳನೀರು, ಮುದ್ದೆ, ವಿಭೂತಿ, ಅನ್ನ. “ತಪ್ಪೋಕೆ ಸಾಧ್ಯನೇ ಇಲ್ಲ. ಮುದ್ದೆ ಆದ್ಮೇಲೆ ವಿಭೂತಿ ಇಕ್ಕೊಳ್ಳೋನು ನಾನೊಬ್ನೇ ಅಂತ ನೆನಪಿಟ್ಕೊಂಡ್ರಾಯ್ತು.” ಕೊನೆಯ ದಿನ ಇಡೀ ಕ್ಲಾಸು ಅದನ್ನೇ ಹೇಳುತ್ತಿತ್ತಂತೆ.

ಆದರೆ ನಾಲೆಯಾಚೆಗೆ ಹೊಸ ಲೈನು ಬೇಡವೆಂದೇ ಗುರುಪ್ರಕಾಶ್ ಹೇಳಿದ್ದರು. ಅಲ್ಲಿರುವುದು ಮೂರು ಮನೆ, ಹೇಗೂ ಫೋನಿನಲ್ಲಿ ನೋಡಿಕೊಳ್ಳುತ್ತಾರೆ ಎಂಬುದು ಅವರ ವಾದ. “ಮೂರ್ ಸಲ ನೋಡ್ತೀನಿ, ಆಗ್ದಿದ್ರೆ ಬುಡ್ತೀನಿ,” ಎಂದು ರಾಮಾಂಜಿನಯ್ಯ ಒಪ್ಪಿಸಿದರು. ಆ ಹಟಕ್ಕೆ ಕಾರಣ ಅವರು ರೇವಮ್ಮನಿಗೆ ಕೊಟ್ಟ ಮಾತು.

ರೇವಮ್ಮನ ಸೊಸೆ ಭಾನುಪ್ರಿಯಾ ಕುಣಿಗಲ್ಲಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬಸ್ಸು ವಾಪಸು ಊರಿಗೆ ತಂದು ಬಿಡುವಾಗ ರಾತ್ರಿ ಎಂಟೂಕಾಲು. ಏಳೂವರೆಯ ಕಥೆ ಮುಗಿದಿರುತ್ತದೆ. ಸಂಜೆ ಟಿವಿಯಲ್ಲಿ ಬರುವುದು ಫೋನಿನಲ್ಲಿ ಬೆಳಗ್ಗೆಯೇ ಸಿಗುವುದರಿಂದ ಅವಳು ಹೋಗುವಾಗಲೇ ಬಸ್ಸಿನಲ್ಲಿ ನೋಡಿ ಮುಗಿಸುತ್ತಾಳೆ. ಒಂದು ಸಂಜೆ ಕೆಲಸ ಬೇಗ ಬಿಟ್ಟಿತ್ತು. ಟಿವಿಯಲ್ಲಿ ಕಥೆಯ ನಾಯಕಿ ಆಸ್ಪತ್ರೆಯಲ್ಲಿ, ಇತ್ತ ಚಾಪೆಯ ಮೇಲೆ ರೇವಮ್ಮ ಬಿಕ್ಕುತ್ತಿದ್ದಾಳೆ. ಮುದ್ದೆಗೆ ಹಿಟ್ಟು ತೊಳಸುತ್ತಿದ್ದ ಭಾನುಪ್ರಿಯಾ ಒಳಗಿಂದ ಕೂಗಿದಳು: “ಅಳ್ಬೇಡಿ ಅತ್ತೆ, ಬ್ರೇಕ್ ಆದ್ಮೇಲೆ ಎದ್ದು ಕೂತ್ಕೋತಾಳೆ!”

ಎದ್ದು ಕೂತಳು ಕೂಡ. ರೇವಮ್ಮ ಮೂರು ದಿನ ಸೊಸೆಯ ಜೊತೆ ಮಾತಾಡಲಿಲ್ಲ.

“ಎರಡ್ ದಿನದಿಂದ ಅತ್ತಿದ್ದೆ ಕಣ್ರವ್ವ ಅವ್ಳಿಗೋಸ್ಕರ. ಎಲ್ಲಾ ನೀರಾಗ್ ಹಾಕ್ಬುಟ್ಲು ಇವ್ಳು,” ಎಂದು ರೇವಮ್ಮ ಈಗಲೂ ಸಿಡುಕುತ್ತಾಳೆ. ಮುನಿಸು ಹೋದರೂ ಊಟದ ಹೊತ್ತಿನ ಕಥೆಯ ಮಾತು ಮಾತ್ರ ಹಾಗೇ ನಿಂತುಹೋಯಿತು. “ನಂಗೂ ಬೇಜಾರೇ,” ಎನ್ನುತ್ತಾಳೆ ಭಾನುಪ್ರಿಯಾ. “ಬಸ್ಸಲ್ಲಿ ಕಿವಿಗೆ ಇಕ್ಕೊಂಡು ಒಬ್ಳೇ ನೋಡಿ ಒಬ್ಳೇ ನಗ್ಬೇಕು. ಅತ್ತೆ ಜೊತೆ ಆದ್ರೆ ಆ ವಿಲನ್ ಹೆಂಗಸ್ಗೆ ಸೇರ್ಕೊಂಡ್ ಶಾಪ ಹಾಕ್ಬಹುದಿತ್ತು.”

ಆ ದಿನಗಳಲ್ಲೇ ಟಿವಿ ಸರಿಮಾಡಲು ಹೋದ ರಾಮಾಂಜಿನಯ್ಯನವರನ್ನು ರೇವಮ್ಮ ತಡೆದು ಕೇಳಿದಳು: “ಏನ್ಲಾ ರಾಮಾಂಜಿ, ಒಂದೇ ಮನೇಲಿ ಎರಡೆರಡ್ ದಿನ ಇರೋಕಾಯ್ತದಾ? ಅವ್ಳಿಗೆ ಸಂಜೆ ಆಗೋಗೈತೆ, ನಂಗಿನ್ನೂ ಬೆಳಗ್ಗೇನೇ.”

“ಹೊಸ ಲೈನ್ ಎಳೆದ್ರೆ ಟಿವೀಲೂ ಬೇಕಾದಾಗ ಕಥೆ ಹಾಕ್ಕೋಬೋದು, ಇಬ್ರುನೂ ಒಂದೇ ಗಳಿಗೆಗೆ ತಂದ್ ನಿಲ್ಲುಸ್ತೀನಿ ಬುಡವ್ವ,” ಎಂದರು ಇವರು.

ಇಬ್ಬರ ಸ್ನೇಹ ಹಳೆಯದು. ಆಗೆಲ್ಲ ಭಾನುವಾರ ಮಧ್ಯಾಹ್ನ ಊರಿಗೆ ಸಿನಿಮಾ ಹಾಕುತ್ತಿದ್ದವರು ರಾಮಾಂಜಿನಯ್ಯನವರೇ. ಅಮೃತೂರಿನ ಒಂದು ಕೋಣೆಯಲ್ಲಿ ಅವರು ಡಿಸ್ಕು ತಿರುಗಿಸಿದರೆ ಅಷ್ಟೂ ಮನೆಗಳಲ್ಲಿ ಅದೇ ಸಿನಿಮಾ. ಒಂದು ಭಾನುವಾರ ರೇವಮ್ಮ ಏದುಸಿರು ಬಿಡುತ್ತ ಬಂದು, “ಹಸ ಈಯ್ತಾ ಐತೆ, ಒಂದ್ ಗಳಿಗೆ ನಿಲ್ಸೋ!” ಎಂದಳು. ನಿಲ್ಲಿಸಿಬಿಟ್ಟರು. ನಾಯಕ ಮೆಟ್ಟಿಲ ಮೇಲೆ ಒಂದು ಕಾಲೆತ್ತಿಕೊಂಡು ನಲವತ್ತು ನಿಮಿಷ ನಿಂತಿದ್ದ. ಬಯ್ಯಲು ಬಂದವರೆಲ್ಲ ಕರು ನೋಡಿಕೊಂಡು ಹೋದರು. ಮಾರನೆಯ ದಿನ ಗಿಣ್ಣು ಹಂಚಿ ಹಂಚಿ ರೇವಮ್ಮನ ಮನೆಗೇ ಉಳಿಯಲಿಲ್ಲ.

ಎಂಟೂವರೆಗೆ ಹನ್ನೊಂದನೇ ಮರದ ಗಂಟು ಬೀಳುತ್ತದೆ. ಗರಿಗಳು ಆಗಲೇ ಅಲುಗಲು ಶುರುವಾಗಿವೆ. ರಾಮಾಂಜಿನಯ್ಯ ನಾಲೆ ಸೇತುವೆಯ ಬಳಿ ಲೈನುಗಳನ್ನು ಕೂಡಿಸುವ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಾಳಿಗೆ ಬೆನ್ನು ಕೊಟ್ಟು, ಎಳೆಗಳನ್ನು ಬಿಡಿಸುತ್ತಾರೆ. “ಆಕಾಶ, ಕಿತ್ತಳೆ, ಎಳನೀರು… ರೇವಮ್ಮಂಗೆ ಮುದ್ದೆ.” ಗಾಜು ಬೆಸೆಯುವ ಪುಟ್ಟ ಮಷಿನ್ನಿನೊಳಗೆ ಎರಡು ತುದಿಗಳು ಒಂದು ಕಿಡಿಗೆ ಬೆಸೆದುಕೊಳ್ಳುತ್ತವೆ. ಧೂಳು ಹೋಗಲೆಂದು ಮೂರು ಸಲ ಊದಿ, ಪೆಟ್ಟಿಗೆ ಮುಚ್ಚಿ, ರೇವಮ್ಮನ ಮನೆಯತ್ತ ನಡೆಯುತ್ತಾರೆ. ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಯಲ್ಲಿ ಕೆಂಪು ದೀಪ ಮಿಣುಕುತ್ತಿದೆ. ತೋಟದಲ್ಲಿ ಗಾಳಿ ಎದ್ದು ಹನ್ನೊಂದೂ ಮರಗಳು ಒಟ್ಟಿಗೇ ವಾಲುತ್ತವೆ. ಕೆಂಪು ಆರುತ್ತದೆ. ಹಸಿರು ಹತ್ತಿ, ಹಾಗೇ ನಿಲ್ಲುತ್ತದೆ.

ಭಾನುಪ್ರಿಯಾ ವಾರದಿಂದ ಫೋನಿನಲ್ಲಿ ಕಥೆ ನೋಡಿಲ್ಲ. ಅತ್ತೆಗೂ ನೋಡಬೇಡಿರೆಂದು ಆಣೆ ಹಾಕಿದ್ದಾಳೆ. ಹೋದ ಸೋಮವಾರದ ಕಂತು ಹಚ್ಚಿ ಇಬ್ಬರೂ ಚಾಪೆಯ ಮೇಲೆ ಕೂರುತ್ತಾರೆ. ನಿಲ್ಲಿಸುವ ಗುಂಡಿ ಯಾವುದೆಂದು ಸೊಸೆ ತೋರಿಸಿಕೊಟ್ಟಾಗಿದೆ. ಎರಡು ನಿಮಿಷವೂ ಆಗಿಲ್ಲ, ರಾಮಾಂಜಿನಯ್ಯ ಕೈ ತೊಳೆಯಲು ಹಿತ್ತಿಲಿಗೆ ಹೋದದ್ದು ಕಂಡು ರೇವಮ್ಮ ಗುಂಡಿ ಒತ್ತುತ್ತಾಳೆ. ವಿಲನ್ ಹೆಂಗಸು ಬಾಯಿ ತೆರೆದುಕೊಂಡು ನಿಲ್ಲುತ್ತಾಳೆ.

“ಬಿರ್ನೆ ಬಾರಪ್ಪ, ಕಾಫಿ ಆರೋಯ್ತದೆ,” ರೇವಮ್ಮ ಕೂಗುತ್ತಾಳೆ. “ನಿಂಗೋಸ್ಕರ ನಿಲ್ಸಿವ್ನಿ. ಪಾಪ, ಊರೋರೆಲ್ಲ ಕಾಯ್ತಾ ಅವ್ರೆ!”

“ಅಯ್ಯೋ ಅತ್ತೆ, ಅದು ನಮ್ಮನೇಲಿ ಮಾತ್ರ...” ಎಂದು ಭಾನುಪ್ರಿಯಾ ಬಾಯಿ ತೆರೆಯುತ್ತಾಳೆ. ಒಳಬಂದ ರಾಮಾಂಜಿನಯ್ಯ ಒದ್ದೆ ಕೈಯಲ್ಲೇ ಬೇಡವೆಂದು ಸನ್ನೆ ಮಾಡುತ್ತಾರೆ. ಬಿಸಿ ಲೋಟವನ್ನು ಟವೆಲ್ಲಿನ ತುದಿಯಲ್ಲಿ ಹಿಡಿದು, ನಾಲಿಗೆ ಸುಟ್ಟುಕೊಂಡು, ನಾಲ್ಕೇ ಗುಟುಕಿಗೆ ಕಾಫಿ ಮುಗಿಸುತ್ತಾರೆ.

“ಆಯ್ತು,” ಎನ್ನುತ್ತಾರೆ ಚಾಪೆಯ ಅಂಚಿಗೆ ಕೂರುತ್ತಾ. “ಈಗ ಬುಡವ್ವ.”